ಖಾಲಿ ಕೊಡದ ಡಂಗುರ

ನಮ್ಮೂರಲ್ಲಿ ಡಂಗುರ ಹೇಳಿದ್ದು ನಡೆದದ್ದು. ಡಂಗುರ ಹೇಳದ್ದು ನಡೆಯದ್ದು. ಇದೊಂದೇ ನಮ್ಮೂರ ಕಟ್ಟಳೆ.

ದಿಬ್ಬದ ಮೇಲೆ ಸಾರುವ ಮನೆ ಇದೆ. ಬೆಳಗಾದರೆ ಅಲ್ಲಿಂದ ಡಂಗುರ ಕೇಳುತ್ತದೆ. ಆಮೇಲೆ ಒಂದು ಗಂಟಲು. ‘ಕೇಳಿರಪ್ಪೋ ಕೇಳಿರಿ’ ಅನ್ನುತ್ತದೆ. ನಾವು ಹೊಸ್ತಿಲಿಗೆ ಬಂದು ನಿಲ್ಲುತ್ತೇವೆ. ಬಾಗಿಲ ಚೌಕಟ್ಟಿಗೆ ಅಂಗೈ ಒತ್ತುತ್ತೇವೆ. ಸಾರಿದ್ದು ಮುಗಿದ ಮೇಲೆ ‘ಹೌದು’ ಅನ್ನುತ್ತೇವೆ. ಇಡೀ ಊರು ಒಟ್ಟಿಗೆ ಹೌದು ಅಂದರೆ ಮಾಡಿನ ಹುಲ್ಲು ಅಲ್ಲಾಡುತ್ತದೆ. ಎಲ್ಲರ ಮನೆ ಚೌಕಟ್ಟಿನಲ್ಲೂ ಅಂಗೈ ಒತ್ತಿ ಒತ್ತಿ ಕಪ್ಪಾದ ಗುರುತಿದೆ. ನಮ್ಮ ಮನೆಯದರಲ್ಲಿ ಎರಡು. ಮೇಲಿನದು ನನ್ನದು. ಅದರ ಕೆಳಗೆ ಚಿಕ್ಕದು ಅವಳದು.

ಅವಳು ಅಂದರೆ ನನ್ನ ಹೆಂಡತಿ. ಸತ್ತಳು. ಡಂಗುರ ಹೇಳಲಿಲ್ಲ.

ಮೊದಲು ಹೀಗಿರಲಿಲ್ಲ. ಕೇರಿಗೊಂದು ಡಂಗುರ ಇತ್ತು. ಮೇಲಿನ ಕೇರಿಯವನು ಬೆಂಕಿ ಬಿತ್ತು ಅಂದರೆ ನಡುಕೇರಿಯವನು ಬರೀ ಹೊಗೆ ಕಣ್ರೋ ಅನ್ನುತ್ತಿದ್ದ. ಒಬ್ಬರ ಮಾತಿಗೆ ಒಬ್ಬರು ನಗುತ್ತಿದ್ದರು, ಬೈಯುತ್ತಿದ್ದರು. ನಾವು ಎಲ್ಲರದೂ ಕೇಳಿ, ಎದ್ದು ಹೋಗಿ, ಕಣ್ಣಾರೆ ನೋಡಿ ಬರುತ್ತಿದ್ದೆವು.

ದಿಬ್ಬದವರು ಯಾರ ಡಂಗುರವನ್ನೂ ಒಡೆಯಲಿಲ್ಲ. ಅದನ್ನು ಹೇಳಲೇಬೇಕು. ಚರ್ಮ ಹರಿದಿದೆಯಲ್ಲ ಪಾಪ ಅಂದರು. ಹೊಸ ಚರ್ಮ ಕೊಟ್ಟರು. ಮಳೆಗೆ ನೆನೆಯುತ್ತದಲ್ಲ ಅಂದರು. ದಿಬ್ಬದ ಮೇಲೆ ಬೆಚ್ಚನೆ ಕೋಣೆ ಕಟ್ಟಿ, ಇಲ್ಲಿಡಿ ಅಂದರು. ಇಟ್ಟ ಮೇಲೆ, ದಿನಾ ಹತ್ತಿ ಇಳಿಯುವುದೇಕೆ, ಇಲ್ಲೇ ಉಣ್ಣಿ ಅಂದರು. ಡಂಗುರದವರು ಉಂಡರು. ಅವರ ಕೈ ಮೆತ್ತಗಾಯಿತು. ಒಂದು ಬೆಳಗ್ಗೆ ಒಂದೇ ಡಂಗುರ ಕೇಳಿತು. ದನಿ ದೊಡ್ಡದಿತ್ತು. ಚೆನ್ನಾಗಿಯೂ ಇತ್ತು. ನಮಗೂ ಹಾಯೆನಿಸಿತು. ಎದ್ದು ಹೋಗಿ ನೋಡಿ ಬರುವ ಕೆಲಸ ತಪ್ಪಿತು.

ನಮ್ಮ ಕೇರಿಯವಳು ಒಬ್ಬಳು ಮಾತ್ರ ದಿಬ್ಬ ಹತ್ತಲಿಲ್ಲ. ಕೆಳಗಿನ ಕೇರಿಯ ಡಂಗುರದವಳು. ಅಪ್ಪನ ಡಂಗುರ ಅವಳ ಕೈಗೆ ಬಂದಿತ್ತು. ಒರಟು ಗಂಟಲು. ಅವಳು ಸಂತೆಯಲ್ಲಿ ಸೊಪ್ಪು ಕೇಳಿದರೂ ಸಾರಿದ ಹಾಗೆ ಇರುತ್ತಿತ್ತು. ಒಂದು ದಿನ ಬಾವಿಕಟ್ಟೆ ಹತ್ತಿದಳು. ‘ನೀರು ಕೆಟ್ಟಿದೆ, ಕುಡೀಬೇಡಿ’ ಅಂತ ಸಾರಿದಳು.

ಮರುದಿನ ದಿಬ್ಬದ ಡಂಗುರ ಕೇಳಿತು. ‘ಬಾವಿಯ ನೀರು ಸಿಹಿ. ಕೆಳಗಿನ ಕೇರಿಯ ಡಂಗುರದವಳು ತೀರಿಕೊಂಡಳು.’

ಅವಳು ನಮ್ಮೆದುರೇ ಬೀದಿಯಲ್ಲಿ ನಿಂತಿದ್ದಳು. ಊರು ಅವಳನ್ನು ನೋಡಿತು. ದಿಬ್ಬ ನೋಡಿತು. ಅಂಗೈ ಒತ್ತಿ ಹೌದು ಅಂದಿತು. ಆಮೇಲೆ ಅವಳ ಬಾಯಿ ಆಡುತ್ತಿತ್ತು, ದನಿ ಬರಲಿಲ್ಲ. ಅಂಗಡಿಯವನು ಅವಳ ಮೈಯೊಳಗಿಂದ ಆಚೆ ಬೀದಿಯನ್ನು ನೋಡಿದ. ಸತ್ತವರ ಸಾಮಾನು ಯಾರಾದರೂ ಇಟ್ಟುಕೊಳ್ಳಬೇಕಲ್ಲ ಅಂತ ಅವಳ ಡಂಗುರವನ್ನು ದಿಬ್ಬಕ್ಕೆ ಒಯ್ದರು.

ಅಂದಿನಿಂದ ಅವಳು ಸತ್ತವರಿಗೆ ಇಟ್ಟ ಎಡೆ ತಿಂದು ಬದುಕಿದಳು. ನನ್ನ ಹೆಂಡತಿ ಹಿತ್ತಿಲ ಗೋಡೆಯ ಮೇಲೆ ಎಡೆ ಇಡುತ್ತಿದ್ದಳು.

‘ಸತ್ತವಳಿಗೆ ಉಪ್ಪಿನಕಾಯಿ ಬೇರೆ ಏತಕ್ಕೆ?’ ಅಂದೆ ಒಮ್ಮೆ.

‘ಸತ್ತವಳಿಗೆ ನಾಲಿಗೆ ಇದೆ. ನಿನಗೇ ಇಲ್ಲ’ ಅಂದಳು.

ನಾನು ಹಗ್ಗ ಹೊಸೆಯುವವ. ಊರ ಬಾವಿಗೆ ಹಗ್ಗ ನನ್ನದೇ. ಸವೆದ ಹಗ್ಗ ರಿಪೇರಿಗೆ ಮನೆಗೆ ಬರುತ್ತದೆ. ಅದು ಕಪ್ಪಾಗಿ ಬರತೊಡಗಿತು. ಹೆಂಡತಿ ಮೂಸಿ ನೋಡಿ ಕೆಳಗಿಟ್ಟಳು. ಬೇರೆ ನೀರು ಅಂದರೆ ಹಳ್ಳದ್ದು. ಹಳ್ಳ ದೂರ. ದೂರಕ್ಕಿಂತ ಇನ್ನೊಂದಿದೆ. ಕೊಡ ಹಿಡಿದು ಹಳ್ಳದ ದಾರಿ ಹಿಡಿದವರು ಬಾವಿ ಕೆಟ್ಟಿದೆ ಅಂದಂತೆ. ಯಾರೂ ಹೋಗುತ್ತಿರಲಿಲ್ಲ. ಅವಳು ಬಾವಿಯ ನೀರೇ ತಂದಳು. ನನಗೆ ಕಾಯಿಸಿ ಕೊಟ್ಟಳು. ತಾನು ಹಾಗೇ ಕುಡಿದಳು. ಸೌದೆ ಸಾಲದು ಅಂದಳು.

ಒಂದು ಬೆಳಗ್ಗೆ ಏಳಲಿಲ್ಲ.

ಹೆಣ ಹೊರಲು ಹೆಗಲು ಬೇಕು. ಕೇರಿಯಲ್ಲಿ ಮನೆ ಮನೆಗೂ ಹೋದೆ. ಯಾರೂ ಬಾಗಿಲು ಹಾಕಲಿಲ್ಲ. ಎಲ್ಲರೂ ಕೂತುಕೋ ಅಂದರು. ಎದುರುಮನೆಯ ಅಜ್ಜಿ ನನ್ನ ಕೈ ಹಿಡಿದುಕೊಂಡಳು.

‘ಮಲಗಿದಾಳೆ ಕಣಪ್ಪ. ಮಲಗಲಿ ಬಿಡು. ಬೆಳಗ್ಗೆ ಡಂಗುರ ಏನೂ ಹೇಳಲಿಲ್ಲವಲ್ಲ?’

‘ಅಜ್ಜಿ, ಮೈ ತಣ್ಣಗಿದೆ.’

‘ಚಳಿ ಇರಬೇಕು’ ಅಂದಳು ಅಜ್ಜಿ. ಅಂದವಳು ನನ್ನ ಮುಖ ನೋಡಲಿಲ್ಲ.

ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೆ. ನಾನೇ ಹೊಸೆದ ಹಗ್ಗದಿಂದ ನನಗೆ ಕಟ್ಟಿಕೊಂಡೆ. ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣ್ಣು ಮಾಡಿದೆ. ಕಣ್ಣೀರು ಬಂತು. ಈರುಳ್ಳಿ ತಂದು ಪಕ್ಕದಲ್ಲಿ ಇಟ್ಟುಕೊಂಡು ಅತ್ತೆ. ಯಾರಾದರೂ ಗೋಡೆಯ ಮೇಲಿಂದ ನೋಡಿದರೆ ಅಂತ.

ಮಣ್ಣು ಮಾಡಿದರೆ ಮುಗಿಯಲಿಲ್ಲ. ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಸತ್ತವರ ಮನೆಯ ಮುಂದೆ ಕೇರಿಯ ಡಂಗುರದವರು ನಿಲ್ಲಬೇಕು. ಡಂಗುರ ಬಡಿದು ಸತ್ತವರ ಹೆಸರು ಮೂರು ಸಲ ಕೂಗಬೇಕು. ಬದುಕಿದ್ದವರಾದರೆ ‘ಓ’ ಅನ್ನುತ್ತಾರೆ. ಸತ್ತವರು ಅನ್ನಲಾರರು. ಅವರ ಬದಲು ಮನೆಯವರು ‘ಇಲ್ಲ’ ಅನ್ನಬೇಕು. ಮೂರನೆಯ ಇಲ್ಲ ಕೇಳಿದ ಮೇಲೆ ಸತ್ತವರಿಗೆ ತಾವು ಸತ್ತದ್ದು ತಿಳಿಯುತ್ತದೆ. ಹೆಸರು ಕೂಗದಿದ್ದರೆ ಅವರಿಗೇ ಗೊತ್ತಾಗುವುದಿಲ್ಲ. ಎಂದಿನ ಕೆಲಸ ಮಾಡುತ್ತಲೇ ಇರುತ್ತಾರೆ.

ಮರುದಿನ ಎದ್ದಾಗ ಕೊಡ ಇಟ್ಟಲ್ಲಿ ಇರಲಿಲ್ಲ. ಬಾಗಿಲ ಬಳಿ ಇತ್ತು. ತುಂಬಿತ್ತು. ಹಿತ್ತಿಲಿಂದ ಬಾವಿಗೆ, ಬಾವಿಯಿಂದ ಮನೆಗೆ ಒದ್ದೆ ಹೆಜ್ಜೆ. ಚಿಕ್ಕ ಹೆಜ್ಜೆ. ಎಡಗಾಲು ಸ್ವಲ್ಪ ಎಳೆದಂತೆ.

ಅವಳು ಹಾಗೇ ನಡೆಯುತ್ತಿದ್ದಳು.

ನಾನು ದಿಬ್ಬ ಹತ್ತಿದೆ.

ಸಾರುವ ಮನೆಯ ಪಡಸಾಲೆಯಲ್ಲಿ ಹಳೆಯ ಡಂಗುರದವರು ಸಾಲಾಗಿ ಕೂತಿದ್ದರು. ನಡುಕೇರಿಯವನೂ ಇದ್ದ. ನನ್ನ ಮದುವೆಯಲ್ಲಿ ಡಂಗುರ ಬಡಿದವನು. ನಾನು ನಕ್ಕೆ. ಅವನು ತನ್ನ ಅಂಗೈ ನೋಡಿಕೊಂಡ. ಒಳಗಿಂದ ದೊಡ್ಡಯ್ಯ ಬಂದರು. ದಿನಾ ಏನು ಸಾರಬೇಕು ಅಂತ ಹೇಳುವವರು ಅವರೇ. ಬೈಯುತ್ತಾರೆ ಅಂದುಕೊಂಡಿದ್ದೆ. ಚಾಪೆ ಹಾಕಿಸಿದರು. ಮಜ್ಜಿಗೆ ತರಿಸಿದರು.

‘ಬಿಸಿಲಲ್ಲಿ ಬಂದಿದ್ದೀಯ. ಮೊದಲು ಕುಡಿ.’

‘ಅಯ್ಯ, ನನ್ನ ಹೆಂಡತಿ ತೀರಿಕೊಂಡಳು. ಸಾರಿಸಬೇಕು.’

‘ಅಯ್ಯೋ, ಯಾರು ಹಾಗಂದವರು?’

‘ನಾನೇ ಮಣ್ಣು ಮಾಡಿದೆ ಅಯ್ಯ.’

‘ನೀನು ದುಃಖದಲ್ಲಿದ್ದೀಯ. ದುಃಖದವರ ಕಣ್ಣು ಮಂಜು. ಅದಕ್ಕೇ ತಾನೇ ಡಂಗುರ ಇರೋದು?’

‘ಬಾವಿ ನೀರು ಕುಡಿದು—’

ದೊಡ್ಡಯ್ಯ ಕೈ ಎತ್ತಿದರು. ಮೆಲ್ಲಗೆ. ಪಡಸಾಲೆಯ ಡಂಗುರದವರೆಲ್ಲ ಒಟ್ಟಿಗೆ ಕೆಮ್ಮಿದರು.

‘ನೀನು ಮಾತಾಡಬೇಡ ಅಂತ ನಾನು ಹೇಳ್ತಿಲ್ಲಪ್ಪ. ಮಾತಾಡು. ಬೀದಿ ನಿಂದೇ. ಆದರೆ ನೀರು ಸಿಹಿ ಅಂತ ಊರೇ ಹೌದು ಅಂದಿದೆ. ನೀನೂ ಅಂದಿದ್ದೀಯ. ಊರನ್ನೇ ಸುಳ್ಳುಗಾರ ಮಾಡ್ತೀಯಾ?’ ಆಮೇಲೆ ಇನ್ನಷ್ಟು ಹತ್ತಿರ ಬಂದು ಕೇಳಿದರು. ‘ಅವಳ ತವರು ಯಾವುದು?’

‘ಆಚೆ ಊರು ಅಯ್ಯ.’

‘ತವರಿಗೆ ಹೋದಳು ಅಂತ ಸಾರಿಸೋಣ. ಮನೆ ಖಾಲಿ ಇರೋದಕ್ಕೆ ಒಂದು ಕಾರಣ ಆಯಿತು. ನಿನಗೂ ನೆಮ್ಮದಿ. ಮಜ್ಜಿಗೆ ಬಿಸಿ ಆಗ್ತಿದೆ, ಕುಡಿ.’

ಕುಡಿದೆ. ಕುಡಿದವನು ಒಪ್ಪಿದಂತೆ. ಮಜ್ಜಿಗೆಗೆ ಹಳ್ಳದ ನೀರಿನ ರುಚಿ ಇತ್ತು.

ಇಳಿಯುವಾಗ ದಾರಿಯಲ್ಲಿ ಕೂತುಬಿಟ್ಟೆ. ದಿಬ್ಬದವರು ಹಳ್ಳದ ನೀರು ಕುಡಿಯುತ್ತಾರೆ. ಆಗ ನನಗೆ ಹೆದರಿಕೆ ಹತ್ತಿತು. ಅಲ್ಲಿಯವರೆಗೆ ಬಾವಿ ಕೆಟ್ಟದ್ದು ಅವರಿಗೆ ತಿಳಿಯದು ಅಂದುಕೊಂಡಿದ್ದೆ.

ಡಂಗುರ ಸಾರಿತು. ಹಗ್ಗದವನ ಹೆಂಡತಿ ತವರಿಗೆ ಹೋದಳು. ನಾನು ನನ್ನ ಹೊಸ್ತಿಲಲ್ಲಿ ನಿಂತು ಹೌದು ಅಂದೆ. ಕೆಳಗಿನ ಚಿಕ್ಕ ಗುರುತಿನ ಮೇಲೆ ಕೈ ಬೀಳದಂತೆ ನೋಡಿಕೊಂಡೆ.

ಕೇರಿಗೆ ಎಷ್ಟು ಸಮಾಧಾನವಾಯಿತು! ಎಲ್ಲರೂ ಬಂದು ಮಾತಾಡಿಸಿದರು.

‘ಏನಪ್ಪ, ಹೆಂಡತಿ ಇಲ್ಲ ಅಂತ ಹೊತ್ತೇರಿ ಏಳ್ತಿದೀಯ?’

‘ಸಾರಿಗೆ ಉಪ್ಪು ಹಾಕೋಕೆ ಬರುತ್ತೇನೋ, ಇಲ್ಲ ಅದನ್ನೂ ಸಾರಿಸಬೇಕೋ?’

ನಾನು ನಗುತ್ತಿದ್ದೆ. ನಗದಿದ್ದರೆ ಅವರ ಮುಖ ಬಿಳುಚುತ್ತಿತ್ತು. ಪ್ರತಿ ಬೆಳಗ್ಗೆ ಕೊಡ ತುಂಬಿರುತ್ತಿತ್ತು. ನಾನು ಅದನ್ನು ಒಗೆಯುವ ಕಲ್ಲಿನ ಬಳಿ ಚೆಲ್ಲುತ್ತಿದ್ದೆ. ಹೆಜ್ಜೆಗಳನ್ನು ಗುಡಿಸುತ್ತಿದ್ದೆ.

ನನ್ನಂತೆ ಬೇರೆಯವರೂ ದಿಬ್ಬ ಹತ್ತಿದರು. ಅವರಿಗೂ ಮಜ್ಜಿಗೆ ಕೊಟ್ಟರು. ಕೇರಿಯಲ್ಲಿ ತವರಿಗೆ ಹೋದವರು ಹೆಚ್ಚಾದರು. ಮುದುಕಿಯರು ಹೋದರು. ಆಮೇಲೆ ಗಂಡಸರೂ ತವರಿಗೆ ಹೋದರು. ಹೋದವರಲ್ಲಿ ಒಬ್ಬರಾದರೂ ಬರಬೇಡವೇ ಅಂತ ಬಾವಿಕಟ್ಟೆಯಲ್ಲಿ ಯಾರೋ ಅಂದರಂತೆ. ಯಾರೆಂದು ಯಾರೂ ಹೇಳಲಿಲ್ಲ. ದಿಬ್ಬದ ಆಳುಗಳು ನನ್ನ ಮನೆಗೆ ಬಂದು ಹೆಂಡತಿಯ ಒಂದು ಸೀರೆ ಕೇಳಿದರು. ಕೊಟ್ಟೆ. ಏಕೆಂದು ಕೇಳುವ ಧೈರ್ಯ ಇರಲಿಲ್ಲ.

ಮರುದಿನ ಡಂಗುರ ಕೇಳಿತು. ‘ಹಗ್ಗದವನ ಹೆಂಡತಿ ತವರಿಂದ ಬಂದಳು.’

ಊರು ಹೌದು ಅಂದಿತು. ದಿಬ್ಬದಿಂದ ಒಬ್ಬಳು ಇಳಿದು ಬಂದಳು. ನನ್ನ ಹೆಂಡತಿಯ ಸೀರೆ. ತಲೆ ತುಂಬ ಸೆರಗು. ಎದುರುಮನೆಯ ಅಜ್ಜಿ ಬೀದಿಗೆ ಬಂದಳು.

‘ಬಂದೆಯಾ ತಾಯಿ? ಎಷ್ಟು ದಿನ ಆಯ್ತು! ತವರಲ್ಲಿ ತುಪ್ಪ ತಿಂದು ಉದ್ದ ಆಗಿದ್ದೀಯಲ್ಲೇ!’

‘ಬಂದೆ ಅಜ್ಜಿ’ ಅಂದಳು ಆಕೆ.

ಆ ಗಂಟಲು ನನಗೆ ಗೊತ್ತಿತ್ತು. ಇಡೀ ಕೇರಿಗೆ ಗೊತ್ತಿತ್ತು. ಕೆಳಗಿನ ಕೇರಿಯ ಡಂಗುರದವಳು. ಬದುಕಿದ್ದವರನ್ನು ಕಳಿಸಿದರೆ ಅವರ ಮನೆಯಲ್ಲಿ ಜಾಗ ಖಾಲಿಯಾಗುತ್ತದೆ. ಅದಕ್ಕೆ ಸತ್ತವಳ ಜಾಗಕ್ಕೆ ಸತ್ತವಳನ್ನು ಕಳಿಸಿದ್ದರು. ಅವರ ಲೆಕ್ಕ ಅದು. ಒಂದನ್ನು ಮರೆತಿದ್ದರು. ನನ್ನ ಹೆಂಡತಿ ಬಂದಳು ಅಂತ ಊರು ಹೌದು ಅಂದಿತ್ತಲ್ಲ. ನನ್ನ ಹೆಂಡತಿಯ ಮಾತು ಊರಿಗೆ ಕೇಳಿಸಲೇಬೇಕು.

ಒಳಗೆ ಬಂದು ಬಾಗಿಲು ಹಾಕಿದಳು. ನಿಂತೇ ಇದ್ದಳು.

‘ಅಜ್ಜಿ ನನಗೆ ಉತ್ತರ ಕೊಟ್ಟಳು, ಅಲ್ಲವೇನಣ್ಣ?’

‘ಕೊಟ್ಟಳು.’

‘ನಿನಗೂ ಕೇಳಿಸ್ತಿದೆಯಾ?’

‘ಕೇಳಿಸ್ತಿದೆ.’

ಅವಳು ಗೋಡೆಗೆ ಮುಖ ಒತ್ತಿ ಒಂದೊಂದೇ ಮಾತು ಹೇಳತೊಡಗಿದಳು. ಉಪ್ಪು. ಕಲ್ಲು. ಸೊಪ್ಪು. ಬೆಕ್ಕು. ತನ್ನ ದನಿ ತಾನೇ ಕೇಳುತ್ತ ಅಳುತ್ತಿದ್ದಳು. ನಾನು ಹೊರಗಿನ ಜಗುಲಿಗೆ ಹೋಗಿ ಹಗ್ಗ ಹೊಸೆದೆ. ಅಂದಿನಿಂದ ಅವಳು ಒಳಗೆ, ನಾನು ಜಗುಲಿಯಲ್ಲಿ. ಬೆಳಗ್ಗೆ ಹೊಸ್ತಿಲಿಗೆ ಬಂದರೆ ಹೆಂಡತಿಯ ಗುರುತಿನ ಮೇಲೆ ಅವಳು ಕೈ ಇಡುತ್ತಿರಲಿಲ್ಲ. ಪಕ್ಕದಲ್ಲಿ, ಗುರುತಿಲ್ಲದ ಮರದ ಮೇಲೆ ಇಡುತ್ತಿದ್ದಳು.

ಒದ್ದೆ ಹೆಜ್ಜೆಗಳನ್ನು ಅವಳೂ ನೋಡಿದಳು. ಕೂತು ಬೆರಳಿಂದ ಮುಟ್ಟಿದಳು.

‘ಹೆಸರು ಕೂಗಿಲ್ಲ.’

‘ಇಲ್ಲ.’

‘ಉಪ್ಪಿನಕಾಯಿ ಇಡುತ್ತಿದ್ದವಳು’ ಅಂದಳು. ಎದ್ದು ನಿಂತಳು. ‘ನಾನು ಡಂಗುರದವಳು ಅಣ್ಣ. ಕೂಗೋದು ನನ್ನ ಕೆಲಸ. ಆದರೆ ಕೂಗಿ, ನೀನು ಇಲ್ಲ ಅಂದರೆ, ನಿನ್ನ ಹೆಂಡತಿ ಸತ್ತಳು. ಅವಳು ಸತ್ತರೆ ನನಗೆ ಬಾಯಿ ಎಲ್ಲಿದೆ? ಈಗ ನಾನು ಉಸಿರಾಡ್ತಿರೋದು ಅವಳ ಹೆಸರಲ್ಲಿ.’

‘ನಾನು ಕೇಳಲಿಲ್ಲವಲ್ಲ’ ಅಂದೆ.

‘ಕೇಳಬೇಡ. ಸ್ವಲ್ಪ ದಿನ ಕೇಳಬೇಡ.’

ಕೇಳಲಿಲ್ಲ. ಕೇಳಿದರೂ ಇಲ್ಲ ಅನ್ನುವ ಗಂಟಲು ನನಗಿತ್ತೇ? ಮಲಗಿದರೆ ದೊಡ್ಡಯ್ಯ ಕೈ ಎತ್ತುವುದು ಕಾಣುತ್ತಿತ್ತು.

ಆಗ ಎದುರುಮನೆಯ ಮಗು ಮಲಗಿತು. ಅಜ್ಜಿಯ ಮೊಮ್ಮಗಳು. ಬೀದಿಯಲ್ಲಿ ನನ್ನ ಹಗ್ಗದ ತುದಿ ಹಿಡಿದು ಜಿಗಿಯುತ್ತಿದ್ದ ಹುಡುಗಿ. ಕೆನ್ನೆ ಒಳಗೆ ಹೋಯಿತು. ಡಂಗುರ ಸಾರಿತು. ‘ಎದುರುಮನೆಯ ಮಗು ಚೆನ್ನಾಗಿ ನಿದ್ದೆ ಮಾಡುತ್ತಿದೆ.’ ಅಜ್ಜಿ ಅಂಗೈ ಒತ್ತಿ ಹೌದು ಅಂದಳು. ಒಳಗೆ ಹೋಗಿ ಮಗುವಿನ ಬಾಯಿಗೆ ನೀರು ಬಿಟ್ಟಳು. ಬಾವಿಯ ನೀರು.

ಡಂಗುರದವಳು ಬೀದಿ ದಾಟಿ ಓಡಿದಳು. ನಾನೂ ಹಿಂದೆ ಹೋದೆ.

‘ಅಜ್ಜಿ, ಆ ನೀರು ಬೇಡ.’

‘ನೀರು ಸಿಹಿ ಕಣೇ. ನೀನೂ ಹೌದು ಅಂದೆಯಲ್ಲ ಈಗ?’

‘ಮೂಸಿ ನೋಡಜ್ಜಿ.’

ಅಜ್ಜಿ ಲೋಟ ಮೂಗಿನ ಹತ್ತಿರ ತಂದಳು. ಅಲ್ಲಿಗೇ ನಿಲ್ಲಿಸಿದಳು. ಉಸಿರು ಎಳೆದುಕೊಳ್ಳಲಿಲ್ಲ.

‘ನನಗೆ ನೆಗಡಿ ತಾಯಿ’ ಅಂದಳು. ‘ನನ್ನನ್ನು ಮೂಸು ಅನ್ನಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಮೂಸು ಅನ್ನಬೇಡ.’ ಮಗು ಇನ್ನೂ ಉಸಿರಾಡುತ್ತಿತ್ತು. ಎದೆ ಹಕ್ಕಿಮರಿಯದಂತೆ ಏಳುತ್ತಿತ್ತು, ಬೀಳುತ್ತಿತ್ತು.

ಮರುದಿನ ಬೆಳಗ್ಗೆ ಕೊಡ ಎಂದಿನಂತೆ ತುಂಬಿ ಬಾಗಿಲಲ್ಲಿತ್ತು. ಡಂಗುರದವಳೇ ಅದನ್ನು ಚೆಲ್ಲಿದಳು. ತಾಮ್ರದ ಕೊಡ. ನನ್ನ ಹೆಂಡತಿ ತವರಿಂದ ತಂದದ್ದು. ಬೋರಲು ಹಾಕಿ ಬೆರಳಿಂದ ತಟ್ಟಿ ನೋಡಿದಳು.

‘ಸದ್ದು ಚೆನ್ನಾಗಿದೆ’ ಅಂದಳು. ‘ಅಣ್ಣ, ನೀನು ಇಲ್ಲ ಅಂತೀಯಾ?’

ತಲೆ ಆಡಿಸಿದೆ.

‘ತಲೆ ಆಡಿಸಿದರೆ ಆಗದು. ಅವಳಿಗೆ ಕೇಳಿಸಬೇಕು.’

‘ನಿನ್ನ ಬಾಯಿ ಹೋಗುತ್ತದೆ.’

‘ಹೋಗುತ್ತದೆ. ಹೋದ ಮೇಲೆ ನೀನು ನನ್ನನ್ನು ಕೂಗು. ನನ್ನ ಹೆಸರು ಯಾರೂ ಕೂಗಲಿಲ್ಲ ಅಣ್ಣ. ಸುಮ್ಮನೆ ಸತ್ತಳು ಅಂದರು.’

ದಿಬ್ಬದ ಡಂಗುರ ಮೊಳಗಿತು. ಊರು ಹೊಸ್ತಿಲಿಗೆ ಬಂತು. ‘ನೀರು ಸಿಹಿ. ಗಾಳಿ ತಂಪು. ಎಲ್ಲರೂ ಸುಖ.’ ಅಂಗೈಗಳು ಚೌಕಟ್ಟಿಗೆ ಹೋದವು. ಊರು ಬಾಯಿ ತೆರೆಯಿತು. ಆ ಹೊತ್ತಿಗೆ ಅವಳು ಬೀದಿಯ ನಡುವೆ ನಿಂತು ಕೊಡ ಬಡಿದಳು.

ಎಷ್ಟು ಕಾಲದ ಮೇಲೆ ಬೀದಿಯಲ್ಲಿ ಎರಡನೆಯ ಸದ್ದು! ಮಾಡಿನ ಕಾಗೆಗಳು ಎದ್ದವು. ಯಾರ ಬಾಯಿಂದಲೂ ಹೌದು ಬರಲಿಲ್ಲ. ತೆರೆದ ಬಾಯಿ ತೆರೆದಂತೆ ಇತ್ತು.

‘ಹಗ್ಗದವನ ಹೆಂಡತಿ ಸಂಕವ್ವಾ!’

ಆ ಹೆಸರು ನಾನು ಮನಸ್ಸಿನಲ್ಲಿ ಕೂಡ ಅಂದಿರಲಿಲ್ಲ. ಚೌಕಟ್ಟು ಹಿಡಿದುಕೊಂಡೆ. ಕೈ ಚಿಕ್ಕ ಗುರುತಿನ ಮೇಲೆ ಬಿತ್ತು.

‘ಇಲ್ಲ’ ಅಂದೆ. ನನಗೇ ಕೇಳಿಸಲಿಲ್ಲ.

‘ಸಂಕವ್ವಾ!’

‘ಇಲ್ಲ.’ ಎದುರಿನ ಬಾಗಿಲುಗಳು ಹಿಂದಕ್ಕೆ ಸರಿದಂತಾಯಿತು.

‘ಸಂಕವ್ವಾ!’

‘ಇಲ್ಲ! ಬಾವಿ ನೀರು ಕುಡಿದು ಸತ್ತಳು. ನಾನೇ ಹೊತ್ತೆ. ನಾನೇ ಮಣ್ಣು ಮಾಡಿದೆ. ಇಲ್ಲ.’

ಹಿತ್ತಿಲಲ್ಲಿ ಏನೋ ನಿಂತ ಹಾಗಾಯಿತು. ನಡೆಯುತ್ತಿದ್ದವರು ನಿಲ್ಲುತ್ತಾರಲ್ಲ, ಹಾಗೆ.

ಡಂಗುರದವಳು ನನ್ನ ಕಡೆ ತಿರುಗಿದಳು. ತುಟಿ ಆಡಿತು. ದನಿ ಇಲ್ಲ. ಬೀದಿಗಿಳಿದು ಅವಳ ಕೈಯಿಂದ ಕೊಡ ಇಸಿದುಕೊಂಡೆ. ನನಗೆ ಬಡಿಯಲು ಬಾರದು. ಹಗ್ಗ ಬಡಿದಂತೆ ಬಡಿದೆ.

‘ಕೆಳಗಿನ ಕೇರಿಯ ಹಾಲವ್ವಾ!’

ಅವಳ ಬಾಯಿ ಓ ಅಂದಂತೆ ದುಂಡಗಾಯಿತು. ಸದ್ದಿಲ್ಲ.

‘ಹಾಲವ್ವಾ!’

ಸದ್ದಿಲ್ಲ. ದಿಬ್ಬದ ಮೇಲೆ ಜನ ಓಡಾಡುವುದು ಕಾಣಿಸಿತು. ಮೂರನೆಯ ಸಲ ಕೂಗಿ ಉತ್ತರ ಬರದಿದ್ದರೆ ಅವಳು ನಿಜವಾಗಿ ಸತ್ತಂತೆ. ಕೊಡ ಎತ್ತಿದ ಕೈ ಮೇಲೆಯೇ ನಿಂತಿತು. ಅವಳು ಕೂಗು ಅಂತ ಕಣ್ಣಲ್ಲೇ ಹೇಳಿದಳು.

‘ಹಾಲವ್ವಾ!’

ಎದುರುಮನೆಯ ಹೊಸ್ತಿಲಲ್ಲಿ ಅಜ್ಜಿಯ ಅಂಗೈ ಚೌಕಟ್ಟಿನಿಂದ ಮೆಲ್ಲಗೆ ಕೆಳಗಿಳಿಯಿತು.

‘ಇದ್ದಾಳಲ್ಲೋ’ ಅಂದಳು ಅಜ್ಜಿ. ಮೆತ್ತಗೆ ಅಂದಳು. ‘ಅಗೋ, ನಿನ್ನ ಮುಂದೆ ನಿಂತಿದ್ದಾಳೆ. ಕುರುಡೇನೋ ನಿನಗೆ?’

‘ಓ’ ಅಂದಳು ಹಾಲವ್ವ.

ಆ ಒರಟು ಗಂಟಲು ಬೀದಿಯ ಉದ್ದಕ್ಕೂ ಹೋಯಿತು.

ದಿಬ್ಬದ ಡಂಗುರ ಮತ್ತೆ ಮೊಳಗಿತು. ಒಂದು ಬೆಳಗ್ಗೆಗೆ ಒಂದೇ ಸಲ ಅದು ಮೊಳಗುವುದು. ಎರಡನೆಯ ಸಲ ನಾವು ಯಾರೂ ಕೇಳಿರಲಿಲ್ಲ. ಬಡಿಯುವ ಕೈ ತಡವರಿಸುತ್ತಿತ್ತು. ಅದು ನಡುಕೇರಿಯವನ ಕೈ ಅಂತ ನನಗೆ ಗೊತ್ತಾಯಿತು. ‘ಕೇಳಿರಪ್ಪೋ ಕೇಳಿರಿ. ಹಗ್ಗ ಹೊಸೆಯುವವನು ತೀರಿಕೊಂಡ.’

ಊರು ಹೌದು ಅನ್ನಬೇಕು. ನಾನು ಬೀದಿಯಲ್ಲಿ ಕೊಡ ಹಿಡಿದು ನಿಂತೆ. ಮೇಲಿನ ಕೇರಿಯಿಂದ ಹೌದು ಕೇಳಿತು. ಹಾಲವ್ವಾ ಅನ್ನಲು ಹೋದೆ. ಗಾಳಿ ಮಾತ್ರ ಬಂತು. ನಡುಕೇರಿಯಲ್ಲಿ ಒಂದೆರಡು ಮನೆಯಿಂದ ಹೌದು ಕೇಳಿತು. ದಿಬ್ಬದ ದಾರಿಯಲ್ಲಿ ಆಳುಗಳು ಇಳಿಯುತ್ತಿದ್ದರು. ನಮ್ಮ ಕೇರಿ ಉಳಿದಿತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಹಿಂದೆ ಹಾಲವ್ವನನ್ನು ನೋಡಿದ ಹಾಗೆ. ನನ್ನನ್ನು, ದಿಬ್ಬವನ್ನು. ನನ್ನನ್ನು, ದಿಬ್ಬವನ್ನು.

ನೀರು ಚೆಲ್ಲಿದ ಸದ್ದಾಯಿತು.

ಎದುರುಮನೆಯದು. ಕಪ್ಪು ನೀರು ಹೊಸ್ತಿಲು ದಾಟಿ ಬೀದಿಗೆ ಬಂತು. ಆಮೇಲೆ ಪಕ್ಕದ ಮನೆಯೊಳಗೆ ಚೆಲ್ಲಿದ ಸದ್ದು. ಆಮೇಲೆ ಎಲ್ಲೋ ಬಾಗಿಲ ಹಿಂದೆ, ಯಾರಿಗೂ ಕೇಳದಂತೆ, ತುಸು ತುಸುವಾಗಿ.

ಅಜ್ಜಿ ಹೊರಗೆ ಬಂದಳು. ಸೊಂಟದಲ್ಲಿ ಖಾಲಿ ಕೊಡ. ಹೆಗಲ ಮೇಲೆ ಮಗು. ದಿಬ್ಬದ ಕಡೆ ನೋಡಲಿಲ್ಲ. ನನ್ನ ಎದುರಿಗೆ ಬಂದು ನಿಂತಳು.

‘ಏ ಸತ್ತವನೇ, ದಾರಿ ಬಿಡೋ’ ಅಂದಳು. ‘ಹಳ್ಳ ದೂರ ಇದೆ.’

‘ಹೋಗಜ್ಜಿ’ ಅಂದೆ. ಅಜ್ಜಿ ತಲೆ ಆಡಿಸಿದಳು. ಅವಳಿಗೆ ಕೇಳಿಸಿತ್ತು.